ಸುಡದೆ ಬಿಟ್ಟ ತರಗಿನಲ್ಲಿ ಎಷ್ಟು ಇಂಗಾಲ ಉಳಿಯುತ್ತದೆ? ಮಣ್ಣಿನ ಜಮಾ-ಖರ್ಚು ಬರೆಯುವ ಬಗೆ

ಮದ್ದೂರು ತಾಲ್ಲೂಕಿನ ನಮ್ಮ ಊರಿನಲ್ಲಿ ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುವುದು ಹಿಂದಿನಿಂದ ಬಂದ ರೂಢಿ. ಆಳು ಸಿಗುವುದಿಲ್ಲ, ಕಡಿದ ಬುಡದಿಂದ ಮತ್ತೆ ಬರುವ ಕೂಳೆ ಬೆಳೆ ಚಿಗುರುವಷ್ಟರಲ್ಲಿ ಗದ್ದೆ ಚೊಕ್ಕಟವಾಗಬೇಕು, ಕಡ್ಡಿ ಗೀರಿದರೆ ಅರ್ಧ ಗಂಟೆಯ ಕೆಲಸ. ಈ ವರ್ಷ ಬೆಂಕಿ ಇಡುವ ಮೊದಲೇ ಒಬ್ಬ ಯುವಕ ಟ್ಯಾಬ್ ಹಿಡಿದುಕೊಂಡು ಊರಿಗೆ ಬಂದ. ತರಗು ಸುಡಬೇಡಿ, ಸಾಲಿನ ನಡುವೆ ಹರಡಿ, ಮಣ್ಣಿನಲ್ಲಿ ಇಂಗಾಲ ಹೆಚ್ಚುತ್ತದೆ, ಹೆಚ್ಚಿದ ಇಂಗಾಲಕ್ಕೆ ಕಾರ್ಬನ್ ಕ್ರೆಡಿಟ್ ಎಂದು ಹಣ ಬರುತ್ತದೆ ಎಂದ. ಸರ್ವೆ ನಂಬರ್ ಬರೆದುಕೊಂಡ, ಬದುವಿನ ಮೇಲೆ ನಡೆದು ಗದ್ದೆಯ ಗಡಿಯನ್ನು ಗುರುತು ಹಾಕಿಕೊಂಡ, ಒಂದೆರಡು ಕಡೆ ಮಣ್ಣು ತೆಗೆದು ಚೀಲಕ್ಕೆ ತುಂಬಿಕೊಂಡು ಹೊರಟ.

ಅವನು ಹೋದ ಮೇಲೆ ಚಿಕ್ಕಪ್ಪ ಕೇಳಿದರು: "ಎರಡು ಹಿಡಿ ಮಣ್ಣು ತೆಗೆದುಕೊಂಡು ಹೋಗಿದ್ದಾನೆ. ಐದು ವರ್ಷ ಕಳೆದ ಮೇಲೆ ಎರಡು ಎಕರೆಯಲ್ಲಿ ಎಷ್ಟು ಇಂಗಾಲ ಸೇರಿದೆ ಎಂದು ಇವನಿಗೆ ಹೇಗೆ ಗೊತ್ತಾಗುತ್ತದೆ?"

ಕೇಂದ್ರ ಸರ್ಕಾರ 2023ರಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟಿನ ಯೋಜನೆಯನ್ನು ಅಧಿಸೂಚಿಸಿದೆ. ನಾಲೆ ಬಯಲಿನ ಹಳ್ಳಿಗಳಲ್ಲಿ ಇಂತಹ ಮಾತು ಇನ್ನು ಮುಂದೆ ಹೆಚ್ಚಾಗಿಯೇ ಕೇಳಿಬರಲಿದೆ. ಚಿಕ್ಕಪ್ಪನ ಪ್ರಶ್ನೆಗೆ ಒಂದೇ ಪದದ ಉತ್ತರವಿದೆ, ಮಾದರಿ. ಕಂಪ್ಯೂಟರಿನಲ್ಲಿ ಮಣ್ಣಿನ ಲೆಕ್ಕ ಹಾಕುವ ಸೂತ್ರಗಳ ಕಟ್ಟು ಅದು. ಪರೀಕ್ಷೆಗೆ ತೆಗೆದ ಚೀಲದ ಮಣ್ಣನ್ನೂ ನಾವು ಮಾದರಿ ಎಂದೇ ಕರೆಯುತ್ತೇವೆ. ಗೊಂದಲವಾಗದಿರಲೆಂದು ಇಲ್ಲಿ ಆ ಪದವನ್ನು ಲೆಕ್ಕದ ಸೂತ್ರಗಳಿಗೆ ಮಾತ್ರ ಬಳಸುತ್ತೇನೆ.

ಎರಡು ವಸ್ತು, ಎರಡು ಸುತ್ತು

ಮಣ್ಣಿನ ಈ ಲೆಕ್ಕದಲ್ಲಿ ಇಂಗಾಲದ ಜೊತೆ ಸಾರಜನಕವೂ ಬರುತ್ತದೆ. ಇಂಗಾಲದ ದಾರಿ ನೇರವಾಗಿದೆ. ಎಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ, ಬಿಸಿಲಿನ ಬಲದಿಂದ ಅದನ್ನು ಸಕ್ಕರೆ ಮಾಡುತ್ತದೆ. ಕಬ್ಬಿನ ಸಿಹಿ, ಭತ್ತದ ಹುಲ್ಲು, ಹೊಂಗೆಯ ತೊಗಟೆ, ಎಲ್ಲವೂ ಆ ಸಕ್ಕರೆಯ ರೂಪಾಂತರಗಳೇ. ಒಣಗಿದ ಸೊಪ್ಪುಸದೆಯ ತೂಕದಲ್ಲಿ ನೂರಕ್ಕೆ 40ರಿಂದ 45ರಷ್ಟು ಇಂಗಾಲವೇ ಇರುತ್ತದೆ. ಉದುರಿದ ಎಲೆ, ಸತ್ತ ಬೇರು ಮಣ್ಣಿಗೆ ಸೇರಿದಾಗ ಸೂಕ್ಷ್ಮಾಣುಜೀವಿಗಳು ಅದನ್ನು ತಿಂದು ನಮ್ಮಂತೆಯೇ ಉಸಿರು ಬಿಡುತ್ತವೆ. ಇಂಗಾಲದ ಬಹುಪಾಲು ಗಾಳಿಗೆ ಮರಳುತ್ತದೆ. ಸ್ವಲ್ಪ ಮಾತ್ರ ಕಪ್ಪು ಮಣ್ಣಾಗಿ, ಹ್ಯೂಮಸ್ ಆಗಿ ಉಳಿಯುತ್ತದೆ. ಆ ಸ್ವಲ್ಪಗಳೇ ಸೇರಿ ಸೇರಿ ಭೂಮಿಯ ಮೇಲ್ಪದರದಲ್ಲಿ ದೊಡ್ಡ ಗಂಟಾಗಿದೆ. ಲೋಕದ ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿರುವ ಸಾವಯವ ಇಂಗಾಲವು ವಾತಾವರಣದಲ್ಲಿರುವ ಇಂಗಾಲಕ್ಕಿಂತ ಹೆಚ್ಚು.

ಸಾರಜನಕದ ದಾರಿ ಸುತ್ತುಬಳಸಿನದು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಆದರೂ ಗಿಡಕ್ಕೆ ಅದು ದಕ್ಕುವುದಿಲ್ಲ. ಎರಡು ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಆ ಹಿಡಿತವನ್ನು ಬಿಡಿಸಿದರೆ ಮಾತ್ರ ಅದು ಗಿಡದ ಊಟವಾಗುತ್ತದೆ. ಬಿಡಿಸುವವರು ಕೆಲವರೇ: ಮಿಂಚು, ದ್ವಿದಳ ಧಾನ್ಯದ ಬೇರಿನಲ್ಲಿರುವ ರೈಜೋಬಿಯಂ, ಗದ್ದೆಯ ನೀರಿನಲ್ಲಿರುವ ನೀಲಿ-ಹಸಿರು ಪಾಚಿ, ಮತ್ತು ಯೂರಿಯಾ ಕಾರ್ಖಾನೆ. ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ ಕ್ರಿಯೆಯನ್ನು ಕಾರ್ಲ್ ಬಾಷ್ 1913ರಲ್ಲಿ ಕಾರ್ಖಾನೆಯ ಮಟ್ಟಕ್ಕೆ ತಂದರು. ಅಲ್ಲಿಯವರೆಗೆ ಹೊಲಗಳ ಸಾರಜನಕ ಬಹುಪಾಲು ಬೇರಿನ ಗಂಟುಗಳಿಂದಲೇ ಬರುತ್ತಿತ್ತು. ನಾಗಮಂಗಲದ ಕಡೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆಯನ್ನೋ ತೊಗರಿಯನ್ನೋ ಬಿಡುತ್ತಾರಲ್ಲ, ಹೂ ಬಿಡುವ ಹೊತ್ತಿಗೆ ಒಂದು ಅವರೆ ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಎಬ್ಬಿಸಿ ನೋಡಿ. ಬೇರಿನಲ್ಲಿ ಸಾಸಿವೆಯಿಂದ ಕಡಲೆಯವರೆಗಿನ ಗಾತ್ರದ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ನಂಟಿರುವ ವಸ್ತುವೇ ಆ ಬಣ್ಣಕ್ಕೆ ಕಾರಣ. ಕೆಂಪಿದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದು ಅರ್ಥ.

ಅಳೆದು ನೋಡಿದರೆ ಸಾಲದೇ?

ಸಾಲದು. ಕಾರಣ ಲೆಕ್ಕದಲ್ಲೇ ಇದೆ.

ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 9 ಲಕ್ಷ ಕೆಜಿ. ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ 0.5 ಎಂದಿದ್ದರೆ ಆ ಎಕರೆಯಲ್ಲಿ ಸುಮಾರು 4,500 ಕೆಜಿ ಇಂಗಾಲವಿದೆ. ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ರವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ಹೆಚ್ಚು ಎಂದು ಚೀಟಿ ಹೇಳುತ್ತದೆ. ಈಗ ತರಗು ಹರಡಿದ್ದರಿಂದ ವರ್ಷಕ್ಕೆ 100 ಕೆಜಿ ಇಂಗಾಲ ನಿವ್ವಳವಾಗಿ ಹೆಚ್ಚಿತು ಎಂದುಕೊಳ್ಳಿ. ಚೀಟಿಯ ಅಂಕಿ 0.50ರಿಂದ 0.51ಕ್ಕೆ ಏರುತ್ತದೆ, ಅಷ್ಟೇ. ಒಂದೇ ಗದ್ದೆಯಲ್ಲಿ ನಾಲ್ಕು ಹೆಜ್ಜೆ ಅಂತರದಲ್ಲಿ ತೆಗೆದ ಮಣ್ಣು 0.50 ಮತ್ತು 0.55 ಎಂದು ಬೇರೆ ಬೇರೆ ತೋರಿಸುವುದು ಅಪರೂಪವಲ್ಲ. ಎಮ್ಮೆಯನ್ನು ತಕ್ಕಡಿಗೆ ಹತ್ತಿಸಿ ಅದು ಈಗ ತಾನೇ ಎಷ್ಟು ಲೋಟ ನೀರು ಕುಡಿಯಿತು ಎಂದು ಹೇಳಲು ಹೊರಟ ಹಾಗೆ ಇದು. ಬದಲಾವಣೆ ನಿಜವಾದದ್ದೇ, ಆದರೆ ಒಟ್ಟು ಗಂಟಿನ ಎದುರು ತೀರಾ ಸಣ್ಣದು. ಬದಲಾವಣೆ ಪರೀಕ್ಷೆಯಲ್ಲಿ ಸ್ಪಷ್ಟವಾಗಿ ಕಾಣಲು ಐದು, ಹತ್ತು ವರ್ಷ ಬೇಕು. ಆದ್ದರಿಂದಲೇ ನಡುವಿನ ವರ್ಷಗಳಿಗೆ ಲೆಕ್ಕದ ಮೊರೆ ಹೋಗುತ್ತಾರೆ.

ಕನ್ನಂಬಾಡಿ ಕಟ್ಟೆಯ ಲೆಕ್ಕ

ಮಂಡ್ಯದವರಿಗೆ ಮಾದರಿ ಹೊಸದೇನೂ ಅಲ್ಲ. ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿದ ಕೂಡಲೇ ನಮ್ಮ ಕಣ್ಣು ಕೆಆರ್‌ಎಸ್ ನೀರಿನ ಮಟ್ಟದ ಚೌಕಕ್ಕೆ ಹೋಗುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ನಾಳೆಯ ಸಂಗ್ರಹ ಎಷ್ಟಿರುತ್ತದೆ ಎಂದು ತಿಳಿಯಲು ಇಂದಿನ ಸಂಗ್ರಹಕ್ಕೆ ಬಂದದ್ದನ್ನು ಕೂಡಿಸಿ ಹೋದದ್ದನ್ನು ಕಳೆಯುತ್ತೇವೆ. ಮಣ್ಣಿನ ಮಾದರಿಯ ಬೆನ್ನೆಲುಬೂ ಇದೇ. ತರಗು, ಬೇರು, ಗೊಬ್ಬರ ಒಳಹರಿವು. ಸೂಕ್ಷ್ಮಾಣುಗಳ ಉಸಿರು ಹೊರಹರಿವು.

ವ್ಯತ್ಯಾಸ ಒಂದಿದೆ, ಅದನ್ನು ಹಿಡಿದರೆ ಅರ್ಧ ವಿಷಯ ತಿಳಿದಂತೆ. ಕಟ್ಟೆಯ ಗೇಟನ್ನು ಎಷ್ಟು ಎತ್ತಬೇಕು ಎಂದು ಮನುಷ್ಯರು ತೀರ್ಮಾನಿಸುತ್ತಾರೆ. ಮಣ್ಣಿನ ಗೇಟನ್ನು ಎತ್ತುವವರು ಯಾರೂ ಇಲ್ಲ. ಒಳಗೆ ಎಷ್ಟಿದೆಯೋ ಅದರ ಒಂದು ಪಾಲು ತಾನಾಗಿ ಹೊರಹೋಗುತ್ತದೆ. ಹೆಚ್ಚಿದ್ದರೆ ಹೆಚ್ಚು ಹೋಗುತ್ತದೆ, ಕಡಿಮೆ ಇದ್ದರೆ ಕಡಿಮೆ. ತಳದಲ್ಲಿ ತೂತಿರುವ ಹಂಡೆಗೆ ನಲ್ಲಿ ಬಿಟ್ಟ ಹಾಗೆ, ಮಟ್ಟ ಏರಿದಂತೆಲ್ಲ ಸೋರುವ ರಭಸವೂ ಏರಿ, ಒಂದು ಹಂತದಲ್ಲಿ ಬಂದದ್ದೂ ಹೋದದ್ದೂ ಸರಿಸಮವಾಗಿ ನಿಲ್ಲುತ್ತದೆ. ಹೊಸ ಪದ್ಧತಿಗೆ ಬದಲಾದ ಮೊದಲ ವರ್ಷಗಳಲ್ಲಿ ಇಂಗಾಲ ಚುರುಕಾಗಿ ಏರಿ ಆಮೇಲೆ ಏರಿಕೆ ನಿಧಾನವಾಗುವುದು ಇದರಿಂದಲೇ. ಐದು ವರ್ಷದ ಏರಿಕೆಯನ್ನು ಐವತ್ತು ವರ್ಷಕ್ಕೆ ಗುಣಿಸಿ ಹೇಳುವ ಯಾರ ಮಾತನ್ನೂ ಒಪ್ಪಬಾರದು.

ಗಂಜಿ, ಮುದ್ದೆ, ಹಗೇವಿನ ರಾಗಿ

ಮಣ್ಣನ್ನು ಒಂದೇ ಹಂಡೆ ಎಂದು ಭಾವಿಸಿದರೆ ಲೆಕ್ಕ ಕೆಡುತ್ತದೆ. ಮಣ್ಣಿಗೆ ಬಿದ್ದದ್ದೆಲ್ಲ ಒಂದೇ ವೇಗದಲ್ಲಿ ಕರಗುವುದಿಲ್ಲವಲ್ಲ. ಗಂಜಿ ಕುಡಿದವನಿಗೆ ಗಳಿಗೆಯಲ್ಲೇ ಹಸಿವು, ಮುದ್ದೆ ಉಂಡವನಿಗೆ ಸಂಜೆಯವರೆಗೆ ಚಿಂತೆಯಿಲ್ಲ, ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಮುಚ್ಚಿಟ್ಟ ರಾಗಿಯಾದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಸಿ ಸೊಪ್ಪಿನ ರಸ ಗಂಜಿಯಂತೆ. ತರಗಿನ ನಾರು ಮುದ್ದೆಯಂತೆ. ಜೇಡಿಯ ಕಣಕ್ಕೆ ಅಂಟಿಕೊಂಡು ಕುಳಿತ ಹ್ಯೂಮಸ್ ಹಗೇವಿನ ರಾಗಿಯಂತೆ.

ಈ ವಿಂಗಡಣೆಯನ್ನು ಅಂಕಿಗಳಲ್ಲಿ ಹಿಡಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದವರು. ಅಲ್ಲಿನ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಗೋಧಿಯ ಪ್ರಯೋಗ 1843ರಲ್ಲಿ ಶುರುವಾಯಿತು. ಇಂದಿಗೂ ನಿಂತಿಲ್ಲ. ಒಂದು ಪಟ್ಟಿಗೆ ಕೊಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ರಾಸಾಯನಿಕ ಗೊಬ್ಬರ, ಮತ್ತೊಂದಕ್ಕೆ ಏನೂ ಇಲ್ಲ. ಹಳೆಯ ಮಣ್ಣನ್ನು ಒಣಗಿಸಿ ಬಾಟಲಿಗಳಲ್ಲಿ ಮುಚ್ಚಿಟ್ಟಿದ್ದಾರೆ. ಡೇವಿಡ್ ಜೆಂಕಿನ್ಸನ್ ಮತ್ತು ಜೆ. ಎಚ್. ರೇನರ್ 1977ರಲ್ಲಿ ಪ್ರಕಟಿಸಿದ ಮಾದರಿಗೆ ಈ ಬಾಟಲಿಗಳೇ ಆಧಾರ. ಅದಕ್ಕೆ ಮತ್ತೊಂದು ವಿಚಿತ್ರ ನೆರವೂ ಸಿಕ್ಕಿತು. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳು ಗಾಳಿಯಲ್ಲಿದ್ದ ವಿಕಿರಣಶೀಲ ಇಂಗಾಲವನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿದ್ದವು. ಗಿಡಗಳು ಅದನ್ನೂ ಹೀರಿದವು. ಆ ಗುರುತಿನ ಇಂಗಾಲ ಮಣ್ಣಿಗೆ ಎಷ್ಟು ಬೇಗ ಇಳಿಯಿತು ಎಂದು ನೋಡಿ ಯಾವ ಪಾಲು ಎಷ್ಟು ವೇಗವಾಗಿ ತಿರುಗುತ್ತದೆ ಎಂಬುದನ್ನು ಅಂದಾಜು ಮಾಡಿದರು. ನಾಶಕ್ಕೆಂದು ಸಿಡಿಸಿದ್ದು ಮಣ್ಣಿನ ಗುಟ್ಟು ತಿಳಿಯಲು ಒದಗಿದ್ದನ್ನು ಮೊದಲು ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಆ ಮಾದರಿ ಬೆಳೆದು ಇಂದು ರೋತ್-ಸಿ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ಅದರ ಪ್ರಕಾರ ರೋಥಾಮ್‌ಸ್ಟೆಡ್‌ನ ಹವೆಯಲ್ಲಿ ಗಂಜಿಯ ಪಾಲು ಅರ್ಧಕ್ಕೆ ಇಳಿಯಲು ಸುಮಾರು 25 ದಿನ ಸಾಕು, ಮುದ್ದೆಯ ಪಾಲಿಗೆ ಎರಡು ವರ್ಷಕ್ಕೂ ಹೆಚ್ಚು ಬೇಕು, ಹಗೇವಿನ ಪಾಲಿಗೆ ಸುಮಾರು 35 ವರ್ಷ. ಇವುಗಳ ಜೊತೆ ಸೂಕ್ಷ್ಮಾಣುಗಳ ದೇಹದ ಇಂಗಾಲಕ್ಕೊಂದು ಹಂಡೆ, ಕದಲದೆ ಕೂತ ಪುರಾತನ ಇಂಗಾಲಕ್ಕೊಂದು ಹಂಡೆ. ಪ್ರತಿ ತಿಂಗಳು ಒಂದು ಹಂಡೆಯಿಂದ ಇನ್ನೊಂದಕ್ಕೆ ಎಷ್ಟು ಹೋಯಿತು, ಗಾಳಿಗೆ ಎಷ್ಟು ಹೋಯಿತು ಎಂದು ಕಂಪ್ಯೂಟರ್ ಬರೆದುಕೊಳ್ಳುತ್ತಾ ಹೋಗುತ್ತದೆ. ಕೂಡು, ಕಳೆ, ಗುಣಿಸು ಬಿಟ್ಟರೆ ಅದರಲ್ಲಿ ಹೆಚ್ಚಿನ ಗಣಿತವಿಲ್ಲ.

ಅಲ್ಲಿಯ ಸೂತ್ರ, ಇಲ್ಲಿಯ ಬಿಸಿಲು

ರೋಥಾಮ್‌ಸ್ಟೆಡ್‌ನ ವರ್ಷದ ಸರಾಸರಿ ಉಷ್ಣಾಂಶ 9ರಿಂದ 10 ಡಿಗ್ರಿ. ನಮ್ಮದು 25 ಎಂದು ಇಟ್ಟುಕೊಳ್ಳೋಣ. ಮಾಡಿದ ಸಾರು ಫ್ರಿಜ್ಜಿನಲ್ಲಿ ನಾಲ್ಕು ದಿನ ಇದ್ದು ಹೊರಗಿಟ್ಟರೆ ಸಂಜೆಗೇ ಹಳಸುವುದಕ್ಕೆ ಯಾವ ಕಾರಣವೋ ಇಲ್ಲಿಯೂ ಅದೇ ಕಾರಣ. ರೋತ್-ಸಿ ಸೂತ್ರಕ್ಕೆ 25 ಡಿಗ್ರಿ ಕೊಟ್ಟರೆ ಕೊಳೆಯುವ ವೇಗ ರೋಥಾಮ್‌ಸ್ಟೆಡ್‌ಗಿಂತ ನಾಲ್ಕು ಪಟ್ಟಿಗೆ ಸಮೀಪ ಬರುತ್ತದೆ. ಅಲ್ಲಿ 35 ವರ್ಷ ಹಿಡಿಯುವುದು ಇಲ್ಲಿ, ಮಣ್ಣು ಸದಾ ತೇವವಾಗಿದ್ದರೆ, ಒಂಬತ್ತು ಹತ್ತು ವರ್ಷಕ್ಕೇ ಮುಗಿಯುತ್ತದೆ. ನಮ್ಮ ಹೊಲಗಳ ಇಂಗಾಲದ ಅಂಕಿ ಏಕೆ ಕಡಿಮೆ ಎಂದು ಕೇಳುವವರಿಗೆ ಇದು ಉತ್ತರದ ದೊಡ್ಡ ಭಾಗ. ರೈತನ ಸೋಮಾರಿತನವೇ ಅದಕ್ಕೆ ಕಾರಣವೆಂದು ದೂರುವುದು ಅನ್ಯಾಯ.

ತೇವದ ಮಾತೂ ಅಷ್ಟೇ ಮುಖ್ಯ. ಒಣಗಿದ ಮಣ್ಣಿನಲ್ಲಿ ಸೂಕ್ಷ್ಮಾಣುಗಳು ಮಲಗಿರುತ್ತವೆ. ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಒಮ್ಮೆಗೇ ಉಕ್ಕುತ್ತದೆ. ಪೂರ್ವ ಆಫ್ರಿಕಾದ ಮಣ್ಣುಗಳಲ್ಲಿ 1950ರ ದಶಕದಲ್ಲಿ ಇದನ್ನು ವಿವರವಾಗಿ ಅಭ್ಯಾಸ ಮಾಡಿದ ವಿಜ್ಞಾನಿ ಬರ್ಚ್ ಅವರ ಹೆಸರೇ ಈ ವಿದ್ಯಮಾನಕ್ಕಿದೆ. ಅದರೊಂದಿಗೆ ಸಾರಜನಕವೂ ಬಿಡುಗಡೆಯಾಗುತ್ತದೆ. ಮುಂಗಾರಿನ ಮೊದಲ ಹದಕ್ಕೇ ಬಿತ್ತಬೇಕು ಎಂದು ಹಿರಿಯರು ಅವಸರಪಡಿಸುತ್ತಿದ್ದುದರಲ್ಲಿ ಹುರುಳಿತ್ತು.

ಇನ್ನೆರಡು ಸಂಗತಿಗಳನ್ನೂ ಮಾದರಿ ಕೇಳುತ್ತದೆ. ಜೇಡಿ ಎಷ್ಟಿದೆ ಎಂಬುದು ಒಂದು. ಜೇಡಿ ಹೆಚ್ಚಿದ್ದರೆ ಇಂಗಾಲ ಹೆಚ್ಚು ಉಳಿಯುತ್ತದೆ. ಮಂಡ್ಯದ ಕೆಂಪು ಮರಳು ಮಿಶ್ರಿತ ಮಣ್ಣು ಈ ವಿಷಯದಲ್ಲಿ ಎರೆಮಣ್ಣಿಗಿಂತ ಬಡವ. ನೆಲ ಬರಿದಾಗಿದೆಯೋ ಬೆಳೆ ಮುಚ್ಚಿದೆಯೋ ಎಂಬುದು ಇನ್ನೊಂದು. ಬೆಳೆ ಇದ್ದ ತಿಂಗಳುಗಳಲ್ಲಿ ರೋತ್-ಸಿ ಕೊಳೆಯುವ ವೇಗವನ್ನು ಹತ್ತರಲ್ಲಿ ಆರಕ್ಕೆ ಇಳಿಸುತ್ತದೆ.

ಜೋಡೆತ್ತಿನಲ್ಲಿ ಒಂದನ್ನು ಬಿಚ್ಚಿದರೆ

ಇಷ್ಟರವರೆಗೆ ಹೇಳಿದ್ದು ಇಂಗಾಲವೊಂದರ ಕಥೆ. ಲೆಕ್ಕ ತಪ್ಪುವುದು ಇಲ್ಲಿಂದ ಮುಂದೆ.

ಚಿಕ್ಕಪ್ಪ ಆ ಯುವಕನ ಮಾತನ್ನು ಪೂರ್ತಿ ನಂಬಲಿಲ್ಲ, ಪೂರ್ತಿ ತಳ್ಳಿಹಾಕಲೂ ಇಲ್ಲ. ಒಂದು ಎಕರೆಯಲ್ಲಿ ತರಗು ಹರಡಿದರು, ಇನ್ನೊಂದರಲ್ಲಿ ಎಂದಿನಂತೆ ಸುಟ್ಟರು. ಆರು ವಾರ ಕಳೆದ ಮೇಲೆ ನಾನು ಹೋಗಿ ನೋಡಿದಾಗ ಸುಟ್ಟ ಎಕರೆಯ ಕೂಳೆ ಗಾಢ ಹಸಿರಾಗಿತ್ತು. ಹರಡಿದ ಎಕರೆಯದು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. "ತರಗು ಬೆಳೆಯನ್ನು ತಿಂದಿತು" ಎಂದರು ಚಿಕ್ಕಪ್ಪ. ನಾನು ಕುಕ್ಕರಗಾಲಿನಲ್ಲಿ ಕುಳಿತು ತರಗಿನ ಪದರವನ್ನು ಎತ್ತಿದೆ. ಮೇಲಿನದು ಗರಿಗರಿ, ಕೆಳಗಿನದು ಒದ್ದೆ. ನೆಲಕ್ಕೆ ತಾಗಿದ ಎಲೆಗಳ ತುಂಬಾ ಬಿಳಿ ನೂಲಿನಂತಹ ಶಿಲೀಂಧ್ರ ಹರಡಿತ್ತು, ಅಣಬೆಯ ವಾಸನೆ ಬರುತ್ತಿತ್ತು. ಎಲೆಯನ್ನು ಎಳೆದರೆ ನೂಲು ಮಣ್ಣಿನ ಹೆಂಟೆಯನ್ನೂ ಹಿಡಿದುಕೊಂಡೇ ಮೇಲೆ ಬಂತು. ಬೆಳೆಯ ಊಟ ಎಲ್ಲಿಗೆ ಹೋಗುತ್ತಿದೆ ಎಂದು ಕಣ್ಣಿಗೇ ಕಾಣುವಂತಿತ್ತು.

ಸೂಕ್ಷ್ಮಾಣುವಿನ ದೇಹದಲ್ಲಿ ಏಳೆಂಟು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇರಲೇಬೇಕು. ಅದು ರಾಜಿಯಾಗದ ಅಳತೆ. ಈಗ 100 ಕೆಜಿ ಇಂಗಾಲವಿರುವ ಊಟ ಅದರ ಮುಂದೆ ಬಂದಿದೆ ಎಂದುಕೊಳ್ಳಿ. ಸುಮಾರು 70 ಕೆಜಿ ಉಸಿರಾಗಿ ಹೋಗುತ್ತದೆ, 30 ಕೆಜಿ ಮೈಗೆ ಹತ್ತುತ್ತದೆ. ಆ 30 ಕೆಜಿಗೆ ಜೊತೆಯಾಗಲು ಸುಮಾರು 4 ಕೆಜಿ ಸಾರಜನಕ ಬೇಕು. ಊಟದಲ್ಲೇ ಅಷ್ಟು ಇದ್ದರೆ ತಕರಾರಿಲ್ಲ. ಡಯಾಂಚ ಅಥವಾ ಸೆಣಬಿನ ಎಳೆಯ ಹಸಿರೆಲೆ ಗೊಬ್ಬರದಲ್ಲಿ 100 ಕೆಜಿ ಇಂಗಾಲಕ್ಕೆ 5 ಕೆಜಿ ಅಥವಾ ಅದಕ್ಕೂ ಹೆಚ್ಚು ಸಾರಜನಕವಿರುತ್ತದೆ. ಸೂಕ್ಷ್ಮಾಣು ತನ್ನ ಪಾಲು ಇಟ್ಟುಕೊಂಡು ಮಿಕ್ಕಿದ್ದನ್ನು ಬೆಳೆಗೆ ಬಿಡುತ್ತದೆ. ಕಬ್ಬಿನ ತರಗಿನಲ್ಲಿ ಇರುವುದು ಸುಮಾರು 1 ಕೆಜಿ ಮಾತ್ರ. ಕೊರತೆಯ 3 ಕೆಜಿಯನ್ನು ಅದು ಮಣ್ಣಿನಿಂದ ಕಸಿಯುತ್ತದೆ. ಕೂಳೆಯ ಬೇರಿಗಿಂತ ಅದರ ಕೈ ಚುರುಕು. ಕೃಷಿ ಪಾಠದಲ್ಲಿ ಇಂಗಾಲ–ಸಾರಜನಕ ಅನುಪಾತ ಎಂದು ಬರುವುದು ಇದೇ. ಸುಮಾರು 25ಕ್ಕೆ 1 ಎಂಬುದು ಗಡಿ. ಅದಕ್ಕಿಂತ ಇಂಗಾಲ ಹೆಚ್ಚಿದ್ದರೆ ಮಣ್ಣು ಸಾಲ ತೆಗೆದುಕೊಳ್ಳುತ್ತದೆ, ಕಡಿಮೆ ಇದ್ದರೆ ಸಾಲ ಕೊಡುತ್ತದೆ.

ಆ ಸಾಲ ಮುಳುಗುವುದಿಲ್ಲ. ಸೂಕ್ಷ್ಮಾಣುಗಳು ಸಾಯುತ್ತವೆ, ಅವುಗಳ ದೇಹವನ್ನು ಬೇರೆಯವು ತಿನ್ನುತ್ತವೆ, ಹಿಡಿದಿಟ್ಟ ಸಾರಜನಕ ಕೆಲವು ತಿಂಗಳಿನಲ್ಲಿ ಕಂತು ಕಂತಾಗಿ ಮರಳುತ್ತದೆ. ತರಗು ಹರಡುವಾಗ ಸ್ವಲ್ಪ ಯೂರಿಯಾವನ್ನೂ ಎರಚಿ ಎಂದು ಕೃಷಿ ಇಲಾಖೆಯವರು ಹೇಳುವುದು ಈ ನಡುವಿನ ಬಿಕ್ಕಟ್ಟನ್ನು ದಾಟಿಸಲು.

ಮಾದರಿಯ ದೃಷ್ಟಿಯಿಂದ ಇದರ ಅರ್ಥ ದೊಡ್ಡದು. ಸಾರಜನಕ ಸಾಲದಿದ್ದರೆ ತರಗು ಕೊಳೆಯುವುದು ನಿಧಾನವಾಗುತ್ತದೆ, ಬೆಳೆಯೂ ಸೊರಗುತ್ತದೆ. ಬೆಳೆ ಸೊರಗಿದರೆ ಬೇರು ಕಡಿಮೆ, ಮುಂದಿನ ವರ್ಷ ಮಣ್ಣಿಗೆ ಬರುವ ಇಂಗಾಲವೂ ಕಡಿಮೆ. ಹ್ಯೂಮಸ್ ಕಟ್ಟುವುದಕ್ಕೂ ಸಾರಜನಕ ಬೇಕು. ಹ್ಯೂಮಸ್ಸಿನಲ್ಲಿ ಹತ್ತು ಹನ್ನೆರಡು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇರುತ್ತದೆ. ಅಂದರೆ 900 ಕೆಜಿ ಇಂಗಾಲವನ್ನು ಮಣ್ಣಿನಲ್ಲಿ ಕಾಯಂ ಆಗಿ ಕೂರಿಸಬೇಕಾದರೆ 75ರಿಂದ 90 ಕೆಜಿ ಸಾರಜನಕವೂ ಅದರ ಜೊತೆ ಕೂರಬೇಕು. ಎತ್ತಿನ ಗಾಡಿಯ ನೊಗಕ್ಕೆ ಒಂದೇ ಎತ್ತು ಕಟ್ಟಿ ಗಾಡಿ ಎಷ್ಟು ದೂರ ಹೋದೀತು ಎಂದು ಲೆಕ್ಕ ಹಾಕಲಾಗದು.

ರೋತ್-ಸಿ ಮೂಲದಲ್ಲಿ ಇಂಗಾಲವನ್ನು ಮಾತ್ರ ಎಣಿಸುವ ಮಾದರಿ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ ಮಾದರಿಗಳಲ್ಲಿ ಹೆಸರಾದದ್ದು ಸೆಂಚುರಿ. ಅಮೆರಿಕದ ವಿಲಿಯಂ ಪಾರ್ಟನ್ ಮತ್ತು ಸಂಗಡಿಗರು 1987ರಲ್ಲಿ ತಮ್ಮ ದೇಶದ ಹುಲ್ಲುಗಾವಲು ಬಯಲಿಗಾಗಿ ಅದನ್ನು ರೂಪಿಸಿದರು. ಅದರಲ್ಲಿ ಪ್ರತಿ ಇಂಗಾಲದ ಹಂಡೆಯ ಪಕ್ಕದಲ್ಲೂ ಸಾರಜನಕದ ಒಂದು ಹಂಡೆ ಇರುತ್ತದೆ. ಪಕ್ಕದ ಹಂಡೆ ಬರಿದಾದರೆ ಇಂಗಾಲದ ಹರಿವೂ ಕುಗ್ಗುತ್ತದೆ.

ಯೂರಿಯಾ ಮೂಟೆ ಎಲ್ಲಿಗೆ ಹೋಗುತ್ತದೆ

45 ಕೆಜಿಯ ಮೂಟೆಯಲ್ಲಿ ಶುದ್ಧ ಸಾರಜನಕ ಸುಮಾರು 20.7 ಕೆಜಿ. ತೇವದ ಮಣ್ಣಿಗೆ ಬಿದ್ದ ಕೆಲವೇ ದಿನಗಳಲ್ಲಿ ಅದು ಅಮೋನಿಯಂ ಆಗುತ್ತದೆ. ನೆಲದ ಮೇಲೆಯೇ ಬಿಸಿಲಿಗೆ ಬಿಟ್ಟರೆ ಒಂದಷ್ಟು ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಉಳಿದದ್ದನ್ನು ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತದೆ. ಅಮೋನಿಯಂ ಜೇಡಿಗೆ ಅಂಟಿಕೊಳ್ಳುತ್ತದೆ, ನೈಟ್ರೇಟ್ ಅಂಟಿಕೊಳ್ಳುವುದಿಲ್ಲ. ನೀರು ಎಲ್ಲಿಗೆ ಇಳಿದರೂ ಅದರ ಹಿಂದೆಯೇ ಹೋಗುತ್ತದೆ, ಬಾವಿಯವರೆಗೂ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದು ಎಂದು ಭಾರತೀಯ ಮಾನಕ ಹೇಳುವುದು ಇದಕ್ಕೇ. ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸುವುದನ್ನು 2015ರಿಂದ ಕಡ್ಡಾಯ ಮಾಡಲಾಗಿದೆ. ಬೇವು ಆ ಬ್ಯಾಕ್ಟೀರಿಯಾದ ಕೈಯನ್ನು ಸ್ವಲ್ಪ ಕಾಲ ಕಟ್ಟಿಹಾಕುತ್ತದೆ. ಒಟ್ಟಿನಲ್ಲಿ ಹಾಕಿದ ಸಾರಜನಕದಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಮಾತ್ರ ಆ ಬೆಳೆಗೆ ದಕ್ಕುತ್ತದೆ.

ನೈಟ್ರೇಟ್ ಇರುವ ಮಣ್ಣಿನಲ್ಲಿ ನೀರು ಹೆಚ್ಚಾಗಿ ಗಾಳಿ ಕಡಿಮೆಯಾದರೆ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೈಟ್ರೇಟನ್ನೇ ಉಸಿರಾಡಲು ಬಳಸುತ್ತವೆ. ಆಗ ಹೊರಬರುವ ಅನಿಲಗಳಲ್ಲಿ ನೈಟ್ರಸ್ ಆಕ್ಸೈಡ್ ಒಂದು. ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕೆಜಿ, 273 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಹಾಕಿದ ಸಾರಜನಕದ ನೂರನೇ ಒಂದು ಪಾಲು ಹೀಗೆ ಹೋಗುತ್ತದೆ ಎಂಬುದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಸಾಮಾನ್ಯ ಅಂದಾಜು. ಆ ಅಂದಾಜಿನಂತೆ ಒಂದು ಮೂಟೆ ಯೂರಿಯಾದಿಂದ ಹೊಲದಲ್ಲೇ ಸುಮಾರು 90 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಡುತ್ತದೆ. 38 ಲೀಟರ್ ಪೆಟ್ರೋಲ್ ಸುಟ್ಟಷ್ಟು. ಎಕರೆಗೆ ಐದು ಮೂಟೆ ಹಾಕಿದರೆ ಸುಮಾರು 450 ಕೆಜಿ.

ಈಗ ತರಗಿನ ಲೆಕ್ಕವನ್ನು ಇದರ ಎದುರು ಇಡೋಣ. ಎಕರೆಗೆ 4 ಟನ್ ಒಣ ತರಗು ಎಂದರೆ ಸುಮಾರು 1,700 ಕೆಜಿ ಇಂಗಾಲ. ಅದು ಪೂರ್ತಿ ಮಣ್ಣಿನಲ್ಲಿ ಉಳಿಯುತ್ತದೆ ಎಂಬುದು ಬಹಳ ಜನರ ತಪ್ಪು ತಿಳಿವಳಿಕೆ. ಬೆಂಕಿ ಅರ್ಧ ಗಂಟೆಯಲ್ಲಿ ಮಾಡುವುದರ ಬಹುಪಾಲನ್ನು ಸೂಕ್ಷ್ಮಾಣುಗಳು ಒಂದೆರಡು ವರ್ಷದಲ್ಲಿ ಮಾಡುತ್ತವೆ. ಹ್ಯೂಮಸ್ ಆಗಿ ನಿಲ್ಲುವುದು ಹತ್ತರಲ್ಲಿ ಒಂದೆರಡು ಪಾಲು, ಅಂದರೆ ವರ್ಷಕ್ಕೆ 170ರಿಂದ 340 ಕೆಜಿ. ಹಳೆಯ ಹ್ಯೂಮಸ್ ಕರಗುವುದನ್ನೂ ಅದರಿಂದ ಕಳೆಯಬೇಕು. ಒಂದು ಕ್ರೆಡಿಟ್ ಎಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್. ಒಂದು ಕೆಜಿ ಇಂಗಾಲ 3.67 ಕೆಜಿ ಡೈಆಕ್ಸೈಡಿಗೆ ಸಮ. ಚೀಟಿಯಲ್ಲಿ ಶೇ 0.5 ಇದ್ದದ್ದು 0.6 ಆಗಲು ಎಕರೆಗೆ 900 ಕೆಜಿ ಇಂಗಾಲ ಬೇಕು. ಅದಕ್ಕೆ ಸಿಗುವ ಕ್ರೆಡಿಟ್ ಸುಮಾರು 3.3. ಅದು ಒಂದು ವರ್ಷದ ಗಳಿಕೆಯಲ್ಲ, ಹಲವು ವರ್ಷಗಳದು. ಹಾಗೆಂದು ತರಗು ಸುಡುವುದೇ ಲೇಸು ಎಂದು ತಿಳಿಯಬಾರದು. ಬೆಂಕಿಯಲ್ಲಿ ತರಗಿನ ಸಾರಜನಕ ಹೊಗೆಯ ಜೊತೆಗೇ ಹೋಗುತ್ತದೆ, ನೆಲದ ತೇವ ಹೋಗುತ್ತದೆ, ಊರಿನ ಮಕ್ಕಳ ಎದೆಗೆ ಮಸಿ ಸೇರುತ್ತದೆ.

ನೀರು ನಿಂತ ಗದ್ದೆ

ಭತ್ತದ ಗದ್ದೆಗೆ ಬೇರೆಯದೇ ಪುಟ ಬೇಕು. ನೀರು ನಿಂತರೆ ಮಣ್ಣಿಗೆ ಗಾಳಿಯಿಲ್ಲ. ಗಾಳಿಯಿಲ್ಲದಿದ್ದರೆ ಕೊಳೆತ ಹುಲ್ಲಿನಿಂದ ಮೀಥೇನ್ ಹುಟ್ಟುತ್ತದೆ. ಕೆಸರಿನಲ್ಲಿ ಕಾಲಿಟ್ಟಾಗ ಗುಳುಗುಳು ಏಳುವ ಗುಳ್ಳೆಗಳಲ್ಲಿ ಅದೇ ಇರುವುದು. ನಾಟಿಯಾದ ಮೇಲೆ ನಡುನಡುವೆ ಗದ್ದೆಯನ್ನು ಆರಲು ಬಿಟ್ಟರೆ ಮೀಥೇನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಐಪಿಸಿಸಿ ಲೆಕ್ಕ ಹಿಡಿಯುತ್ತದೆ. ನಾಲೆಯ ನೀರನ್ನು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ಪಡೆಯುವ ನಮ್ಮವರಿಗೆ ಆರಿಸುವುದು, ಕಟ್ಟುವುದು ಗೊತ್ತಿರುವ ಕೆಲಸವೇ. ಆದರೆ ಆರಿದಾಗ ನೈಟ್ರೇಟ್ ಹುಟ್ಟುತ್ತದೆ, ಮತ್ತೆ ನೀರು ಕಟ್ಟಿದಾಗ ಅದು ನೈಟ್ರಸ್ ಆಕ್ಸೈಡ್ ಆಗುತ್ತದೆ. ಒಂದು ಅನಿಲ ಇಳಿದರೆ ಇನ್ನೊಂದು ಏರುತ್ತದೆ. ನಿವ್ವಳದಲ್ಲಿ ಸಾಮಾನ್ಯವಾಗಿ ಲಾಭವೇ ಆದರೂ ಎಷ್ಟು ಎಂಬುದು ಯೂರಿಯಾ ಹಾಕಿದ ದಿನಕ್ಕೂ ನೀರು ಕಟ್ಟಿದ ದಿನಕ್ಕೂ ಇರುವ ಅಂತರವನ್ನು ಅವಲಂಬಿಸಿದೆ. ತಿಂಗಳಿಗೊಮ್ಮೆ ಬರೆಯುವ ಲೆಕ್ಕ ಇಲ್ಲಿ ಸಾಲದು. 1992ರಲ್ಲಿ ಹೊರಬಂದ ಡಿಎನ್‌ಡಿಸಿ ಮಾದರಿ ಮತ್ತು ಸೆಂಚುರಿಯ ದಿನವಹಿ ರೂಪವಾದ ಡೇಸೆಂಟ್ ಪ್ರತಿ ದಿನದ ಲೆಕ್ಕ ಇಡುವುದು ಈ ಕಾರಣಕ್ಕೆ.

ಬಂಡೀಪುರದಿಂದ ಭೂಗೋಳಕ್ಕೆ

ಇದೇ ಹಂಡೆಗಳನ್ನು ಕಾಡಿಗೂ ಇಡೀ ಭೂಮಿಗೂ ಹಾಕಬಹುದು. ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ 30ರಷ್ಟನ್ನು ಕಾಡು, ಹುಲ್ಲು, ಮಣ್ಣು ಹೀರಿಕೊಳ್ಳುತ್ತಿವೆ. ಗಾಳಿಯಲ್ಲಿ ಅದು ಹೆಚ್ಚಿದಷ್ಟೂ ಬಂಡೀಪುರದ ಮರಗಳು ಹೆಚ್ಚು ಹೀರಿ ನಮ್ಮನ್ನು ಕಾಪಾಡುತ್ತವೆಯೇ? ಇಂಗಾಲವನ್ನು ಮಾತ್ರ ನೋಡುವ ಹಳೆಯ ಮಾದರಿಗಳು ಬಹುಮಟ್ಟಿಗೆ ಹೌದು ಎನ್ನುತ್ತಿದ್ದವು. ಅಮೆರಿಕದ ಓಕ್ ರಿಡ್ಜ್‌ನಲ್ಲಿ ಬಯಲಿನಲ್ಲೇ ಮರಗಳ ಸುತ್ತ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಬಿಟ್ಟು ವರ್ಷಗಟ್ಟಲೆ ನೋಡಿದರು. ಮೊದಲು ಶೇ 24ರಷ್ಟಿದ್ದ ಹೆಚ್ಚುವರಿ ಬೆಳವಣಿಗೆ 2008ರ ಹೊತ್ತಿಗೆ ಶೇ 9ಕ್ಕೆ ಕುಸಿಯಿತು. ಮಣ್ಣಿನ ಸಾರಜನಕ ಸಾಲಲಿಲ್ಲ. 2013ರ ಐಪಿಸಿಸಿ ವರದಿಗೆ ಬಳಸಿದ ಭೂಮಾದರಿಗಳಲ್ಲಿ ಬಹುಪಾಲಿಗೆ ಸಾರಜನಕದ ಲೆಕ್ಕವೇ ಇರಲಿಲ್ಲ. 2021ರ ವರದಿಯ ವೇಳೆಗೆ ಹಲವು ಮಾದರಿಗಳು ಅದನ್ನು ಸೇರಿಸಿಕೊಂಡವು. ನಮ್ಮಂತಹ ಉಷ್ಣವಲಯದ ಹಳೆಯ ಮಣ್ಣುಗಳಲ್ಲಿ ರಂಜಕದ ಕೊರತೆಯೂ ಸೇರಿಕೊಳ್ಳುತ್ತದೆ. ಅದರ ಲೆಕ್ಕ ಇನ್ನೂ ಎಳೆಯ ಹಂತದಲ್ಲಿದೆ.

ಮಾದರಿಯನ್ನು ಕೇಳಬೇಕಾದ ಪ್ರಶ್ನೆ

ಕಟ್ಟೆಯ ಇಂದಿನ ಮಟ್ಟ ಗೊತ್ತಿಲ್ಲದೆ ನಾಳೆಯದನ್ನು ಹೇಳಲಾಗದು. ಮಣ್ಣಿನಲ್ಲಿ ಇಂದಿನ ಒಟ್ಟು ಇಂಗಾಲವನ್ನು ಅಳೆಯಬಹುದು, ಆದರೆ ಅದರಲ್ಲಿ ಗಂಜಿ ಎಷ್ಟು, ಹಗೇವು ಎಷ್ಟು ಎಂದು ಸಾಮಾನ್ಯ ಪರೀಕ್ಷೆ ಹೇಳುವುದಿಲ್ಲ. ಅದಕ್ಕಾಗಿ ಮಾದರಿಯನ್ನು ಹಿಂದಿನ ನೂರಾರು, ಸಾವಿರಾರು ವರ್ಷಗಳಿಂದ ಓಡಿಸಿಕೊಂಡು ಬಂದು ಇಂದಿನ ಅಂಕಿಗೆ ಹೊಂದಿಸುತ್ತಾರೆ. ಆಗ ಹೊಲದ ಚರಿತ್ರೆ ಬೇಕಾಗುತ್ತದೆ. 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಬರುವ ಮೊದಲು ನಮ್ಮ ಗದ್ದೆಗಳು ರಾಗಿ, ಹುರುಳಿಯ ಒಣಭೂಮಿಯಾಗಿದ್ದವು. ಆಮೇಲೆ ಭತ್ತ ಬಂತು, ಕಬ್ಬು ಬಂತು, ಟ್ರ್ಯಾಕ್ಟರ್ ಬಂದು ಕೊಟ್ಟಿಗೆಯ ದನ ಕಡಿಮೆಯಾದವು. ಈ ಬದಲಾವಣೆಗಳನ್ನು ಮಾದರಿಗೆ ಹೇಳದಿದ್ದರೆ ಅದು ತನ್ನದೇ ಊಹೆಯನ್ನು ತುಂಬಿಕೊಳ್ಳುತ್ತದೆ. ಒಂದೇ ಅಂಕಿ ಹೇಳುವ ಮಾದರಿಗಿಂತ ಇಷ್ಟರಿಂದ ಇಷ್ಟರವರೆಗೆ ಎಂದು ಹೇಳುವ ಮಾದರಿಯನ್ನು ನಾನು ಹೆಚ್ಚು ಗೌರವಿಸುತ್ತೇನೆ.

ಹರಡಿದ ಎಕರೆಗೆ ಚಿಕ್ಕಪ್ಪ ಅರ್ಧ ಮೂಟೆ ಯೂರಿಯಾವನ್ನು ಹೆಚ್ಚಿಗೆ ಹಾಕಿದರು. ನಾಲ್ಕನೇ ತಿಂಗಳಿಗೆ ಹಳದಿ ಹೋಗಿ ಎರಡೂ ಎಕರೆ ಒಂದೇ ಬಣ್ಣಕ್ಕೆ ಬಂದವು. ತರಗನ್ನು ಎತ್ತಿ ನೋಡಿದರೆ ಎಲೆ ಕರಗಿ ನಡುನರವಷ್ಟೇ ಕಡ್ಡಿಯಂತೆ ಉಳಿದಿತ್ತು, ಅದರ ಕೆಳಗೆ ಎರೆಹುಳುವಿನ ಹಿಕ್ಕೆಯ ಸಣ್ಣ ಗುಪ್ಪೆಗಳಿದ್ದವು. ಕಳೆದ ವಾರ ಆ ಯುವಕ ತರಗು ಇದೆಯೇ ಎಂದು ನೋಡಲು ಮತ್ತೆ ಬಂದಿದ್ದ. ಇದೆ ಎಂದು ಫೋಟೊ ತೆಗೆದುಕೊಂಡ. ಹೆಚ್ಚಿಗೆ ಹಾಕಿದ ಅರ್ಧ ಮೂಟೆಯನ್ನೂ ಬರೆದುಕೊಳ್ಳಿ ಎಂದು ಚಿಕ್ಕಪ್ಪ ಹೇಳಿದರು. ಟ್ಯಾಬಿನಲ್ಲಿ ಅದಕ್ಕೆ ಜಾಗ ಇರಲಿಲ್ಲ.